ಮರುಭೂಮಿಯ ಮನೆಗೆ ಸೋಲಾರ್, ಬ್ಯಾಟರಿ: ಹಾಕಿದ ದುಡ್ಡು ವಾಪಸ್ ಬರುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಒಂದು ಮಾತು. ಪ್ಯಾನೆಲ್ ಲೆಕ್ಕ ಬೇರೆ, ಬ್ಯಾಟರಿ ಲೆಕ್ಕ ಬೇರೆ. ಎರಡನ್ನೂ ಕಲಸಿ ಒಂದೇ ಮೊತ್ತ ಹೇಳುವವರಿಗೆ ಬಿಡಿಸಿ ಬರೆದುಕೊಡಿ ಅಂತ ಕೇಳಿ. ಎಷ್ಟೋ ಕಡೆ ಪ್ಯಾನೆಲ್ ತರುವ ಲಾಭದ ಹಿಂದೆ ಬ್ಯಾಟರಿಯ ನಷ್ಟ ಅಡಗಿ ಕೂತಿರುತ್ತದೆ.

ಇಷ್ಟೊಂದು ಬಿಸಿಲಿದೆ, ಲಾಭ ಆಗೇ ಆಗುತ್ತದೆ ಅಲ್ವಾ?

ಆಗಬಹುದು, ಆದರೆ ಅದನ್ನು ತೀರ್ಮಾನ ಮಾಡುವುದು ಬಿಸಿಲಲ್ಲ, ನಿಮ್ಮ ಕರೆಂಟ್ ಬಿಲ್. ಜರ್ಮನಿಯಲ್ಲಿ ಬೀಳುವ ಬಿಸಿಲು ಸಹಾರಾದ ಹೆಚ್ಚುಕಡಿಮೆ ಅರ್ಧ. ಆದರೂ ಅಲ್ಲಿ ಲಕ್ಷಾಂತರ ಮನೆಗಳ ಮೇಲೆ ಪ್ಯಾನೆಲ್ ಇವೆ, ಯಾಕೆಂದರೆ ಅಲ್ಲಿ ಮನೆಗೆ ಬರುವ ವಿದ್ಯುತ್ತು ದುಬಾರಿ. ಕುವೈತ್‌ನಲ್ಲಿ ಬಿಸಿಲಿಗೆ ಬರವಿಲ್ಲ, ಆದರೆ ಸರ್ಕಾರವೇ ಸಹಾಯಧನ ಕೊಟ್ಟು ವಿದ್ಯುತ್ತನ್ನು ಬಹಳ ಅಗ್ಗ ಮಾಡಿದೆ. ಹಾಗಾಗಿ ಮನೆಯವರ ಜೇಬಿನ ಲೆಕ್ಕದಲ್ಲಿ ಅಲ್ಲಿ ಪ್ಯಾನೆಲ್ ಗೆಲ್ಲುವುದು ಕಷ್ಟ.

ಬೇಕಾಗಿರುವುದು ಮೂರು ಸಂಖ್ಯೆ. ಒಂದು ಯೂನಿಟ್ ಕೊಳ್ಳಲು ನೀವು ಎಷ್ಟು ಕೊಡುತ್ತೀರಿ? ಮಿಕ್ಕ ಯೂನಿಟ್ ಗ್ರಿಡ್‌ಗೆ, ಅಂದರೆ ಊರಿನ ವಿದ್ಯುತ್ ಜಾಲಕ್ಕೆ, ಬಿಟ್ಟರೆ ಎಷ್ಟು ಸಿಗುತ್ತದೆ? ನಿಮ್ಮ ಬಳಕೆಯಲ್ಲಿ ಹಗಲಿನದೆಷ್ಟು, ರಾತ್ರಿಯದೆಷ್ಟು? ಈ ಮೂರು ಗೊತ್ತಿಲ್ಲದೆ ಯಾರಾದರೂ "ಐದೇ ವರ್ಷಕ್ಕೆ ದುಡ್ಡು ವಾಪಸ್" ಅಂದರೆ ಅದು ಸುಮ್ನೆ ಮಾತು.

ಸೆಕೆ ಜಾಸ್ತಿ ಆದಷ್ಟೂ ಪ್ಯಾನೆಲ್ ಜಾಸ್ತಿ ಕರೆಂಟ್ ಕೊಡುತ್ತದಾ?

ಇಲ್ಲ, ಉಲ್ಟಾ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಶಾಖ ಅಲ್ಲ. ಡಬ್ಬದ ಮೇಲೆ ಬರೆದಿರುವ ವ್ಯಾಟ್ ಸಂಖ್ಯೆ ಬರುವುದು ಒಳಗಿನ ಸೆಲ್ 25 ಡಿಗ್ರಿಯಲ್ಲಿದ್ದಾಗ, ಒಂದು ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿದ್ದಾಗ. ಮರುಭೂಮಿಯ ಬೇಸಿಗೆಯಲ್ಲಿ ಹೊರಗೆ 45 ಡಿಗ್ರಿ ಇದ್ದರೆ ಸೆಲ್ 70 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. 25ಕ್ಕಿಂತ ಮೇಲೆ ಏರುವ ಪ್ರತಿ ಡಿಗ್ರಿಗೂ ಮಾಮೂಲಿ ಸಿಲಿಕಾನ್ ಪ್ಯಾನೆಲ್ ಸುಮಾರು ಶೇ. 0.35 ಶಕ್ತಿ ಕಳೆದುಕೊಳ್ಳುತ್ತದೆ. 45 ಡಿಗ್ರಿ ಹೆಚ್ಚಿಗೆ ಅಂದರೆ ಹೆಚ್ಚುಕಡಿಮೆ ಶೇ. 16 ಹೋಯಿತು. ಹೆಟೆರೊಜಂಕ್ಷನ್ ಅಂತ ಕರೆಯುವ ಪ್ಯಾನೆಲ್‌ಗಳಲ್ಲಿ ಈ ಇಳಿತ ಡಿಗ್ರಿಗೆ ಶೇ. 0.25ರ ಆಸುಪಾಸು, ಅಂದರೆ ಅದೇ ಸೆಕೆಯಲ್ಲಿ ಶೇ. 11 ಹೋಗುತ್ತದೆ. ವ್ಯತ್ಯಾಸ ಸಣ್ಣದೇನಲ್ಲ, ಆದರೆ ಅದಕ್ಕೆ ಎಷ್ಟು ಹೆಚ್ಚಿಗೆ ಕೇಳುತ್ತಾರೆ ಅನ್ನುವುದನ್ನೂ ನೋಡಿ. ಅದೇ ದುಡ್ಡಿಗೆ ಇನ್ನೊಂದು ಮಾಮೂಲಿ ಪ್ಯಾನೆಲ್ ಬರುತ್ತದೆ, ಛಾವಣಿಯಲ್ಲಿ ಜಾಗವೂ ಇದೆ ಅಂದರೆ ನಾನಾದರೆ ಅದನ್ನೇ ಹಾಕಿಸುತ್ತೇನೆ.

ತೀರ ಬಿಸಿಯಾಗುವ ಜಾಗಗಳಿಗಂತಲೇ ಐಇಸಿ ಟಿಎಸ್ 63126 (IEC TS 63126) ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಪ್ಯಾನೆಲ್ 70 ಡಿಗ್ರಿ ದಾಟಿ ಕೆಲಸ ಮಾಡಬೇಕಾದ ಕಡೆ ಅದು ತಡೆಯುತ್ತದಾ ಅಂತ ಪರೀಕ್ಷಿಸುವುದಕ್ಕೆ. ಪ್ಯಾನೆಲ್‌ನ ಡೇಟಾಶೀಟ್‌ನಲ್ಲಿ ಈ ಸಂಖ್ಯೆ ಹುಡುಕಿ.

ಛಾವಣಿಗೂ ಪ್ಯಾನೆಲ್‌ಗೂ ನಡುವೆ ಒಂದು ಗೇಣಾದರೂ ಸಂದು ಬಿಡಿಸಿ, ಗಾಳಿ ಓಡಾಡಲಿ. ಅಂಟಿಸಿದ ಹಾಗೆ ಕೂರಿಸಿದರೆ ಪ್ಯಾನೆಲ್ ಇನ್ನೂ ಬಿಸಿಯಾಗುತ್ತದೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಪ್ಯಾನೆಲ್ ನೆರಳು ಕೊಡುವುದರಿಂದ ಕೆಳಗಿನ ಕೋಣೆ ತಂಪಾಗುತ್ತದೆ. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2011ರಲ್ಲಿ ಅಳೆದು ನೋಡಿದಾಗ ಪ್ಯಾನೆಲ್ ಕೆಳಗಿನ ಛಾವಣಿಯ ಒಳಮೈ ಹಗಲಲ್ಲಿ 2.5 ಡಿಗ್ರಿಯವರೆಗೂ ತಂಪಾಗಿತ್ತು.

ನಮ್ಮ ಮನೆಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಬರಬಹುದು?

ಸರಳ ಗುಣಾಕಾರ. ಒಳ್ಳೆಯ ಮರುಭೂಮಿ ಜಾಗದಲ್ಲಿ ವರ್ಷದ ಸರಾಸರಿ ತೆಗೆದರೆ ದಿನಕ್ಕೆ 6 ಗಂಟೆಯಷ್ಟು ಪೂರ್ತಿ ಬಿಸಿಲು (ಮೇಲೆ ಹೇಳಿದ 1000 ವ್ಯಾಟ್ ಲೆಕ್ಕದ್ದು) ಅಂತ ಹಿಡಿಯಬಹುದು. 5 ಕಿಲೋವ್ಯಾಟ್ ಪ್ಯಾನೆಲ್ ಹಾಕಿದ್ದೀರಿ ಅಂದುಕೊಳ್ಳಿ. 5 × 6 = 30 ಯೂನಿಟ್. ಸೆಕೆ, ಧೂಳು, ವೈರು, ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆಗೆ ಆಗುವಂತೆ ಬದಲಿಸುವ ಪೆಟ್ಟಿಗೆ) ಇವೆಲ್ಲ ತಿಂದು ಮಿಕ್ಕುವುದು ಮುಕ್ಕಾಲು ಪಾಲು. ಅಂದರೆ ದಿನಕ್ಕೆ 22.5, ವರ್ಷಕ್ಕೆ ಸುಮಾರು 8,200 ಯೂನಿಟ್.

ಇದನ್ನು ಯಾರನ್ನೂ ಕೇಳದೆ ನೀವೇ ತಾಳೆ ನೋಡಬಹುದು. ಯುರೋಪಿಯನ್ ಕಮಿಷನ್‌ನ ಪಿವಿಜಿಐಎಸ್, ಅಮೆರಿಕದ ಪಿವಿವ್ಯಾಟ್ಸ್ ಎರಡೂ ಪುಕ್ಕಟೆ ವೆಬ್‌ಸೈಟ್‌ಗಳು. ನಕ್ಷೆಯಲ್ಲಿ ಮನೆ ತೋರಿಸಿ, ಛಾವಣಿಯ ದಿಕ್ಕು ಮತ್ತು ಇಳಿಜಾರು ಕೊಟ್ಟರೆ ತಿಂಗಳವಾರು ಲೆಕ್ಕ ಬರುತ್ತದೆ. ಕೊಟೇಶನ್‌ನಲ್ಲಿ ಇದಕ್ಕಿಂತ ಶೇ. 10ಕ್ಕಿಂತ ಜಾಸ್ತಿ ಬರೆದಿದ್ದರೆ ಯಾಕೆ ಅಂತ ಕೇಳಿ.

ಸರಿ, ಪ್ಯಾನೆಲ್ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ?

ಒಂದು ಉದಾಹರಣೆ ಮಾಡೋಣ. ಇವು ಲೆಕ್ಕ ಅರ್ಥವಾಗಲಿ ಅಂತ ನಾನು ಹಿಡಿದ ಸಂಖ್ಯೆಗಳು. ಯಾವ ದೇಶದ ಹಣವಾದರೂ ಆಗಲಿ, ನಿಮ್ಮ ಸಂಖ್ಯೆ ಹಾಕಿಕೊಳ್ಳಿ. ಯೂನಿಟ್ ಕೊಳ್ಳುವ ದರ 10. ಗ್ರಿಡ್‌ಗೆ ಬಿಟ್ಟರೆ ಸಿಗುವುದು 3. ಬರುವ 8,200 ಯೂನಿಟ್‌ನಲ್ಲಿ ಶೇ. 40 ಹಗಲಲ್ಲೇ ಮನೆಯಲ್ಲಿ ಖರ್ಚಾಗುತ್ತದೆ, ಅಂದರೆ 3,280 ಯೂನಿಟ್. ಅದರಿಂದ ಉಳಿತಾಯ 32,800. ಮಿಕ್ಕ 4,920 ಗ್ರಿಡ್‌ಗೆ, ಅದರಿಂದ 14,760. ಒಟ್ಟು ವರ್ಷಕ್ಕೆ 47,560. ಪ್ಯಾನೆಲ್, ಇನ್ವರ್ಟರ್, ಕೂಲಿ ಎಲ್ಲ ಸೇರಿ 3,00,000 ಆಗಿದ್ದರೆ ಆರು ವರ್ಷ ಚಿಲ್ಲರೆ.

ಈಗ ಅದೇ ಮನೆ, ಅದೇ ಪ್ಯಾನೆಲ್, ಆದರೆ ನೆಟ್ ಮೀಟರಿಂಗ್ ಇದೆ ಅನ್ನಿ. ಅಂದರೆ ಬಿಟ್ಟ ಯೂನಿಟ್‌ಗೂ ಕೊಳ್ಳುವ ದರವೇ ಸಿಗುತ್ತದೆ. ಆಗ ವರ್ಷಕ್ಕೆ 82,000, ನಾಲ್ಕು ವರ್ಷದೊಳಗೆ ದುಡ್ಡು ವಾಪಸ್. ಬಿಸಿಲು ಒಂದು ಚೂರೂ ಬದಲಾಗಿಲ್ಲ, ಗಮನಿಸಿ. ಬದಲಾದದ್ದು ದರದ ನಿಯಮ ಮಾತ್ರ.

ಇಷ್ಟರ ಮೇಲೆ ಕಳೆಯಬೇಕಾದದ್ದೂ ಇದೆ. ಪ್ಯಾನೆಲ್ ವರ್ಷಕ್ಕೆ ಶೇ. 0.5ರಿಂದ 0.8ರಷ್ಟು ಕುಗ್ಗುತ್ತದೆ, ಸೆಕೆಯ ಜಾಗದಲ್ಲಿ ಮೇಲಿನ ಸಂಖ್ಯೆಯನ್ನೇ ಹಿಡಿಯಿರಿ. ಪ್ಯಾನೆಲ್ 25 ವರ್ಷ ಬಾಳಿದರೂ ಇನ್ವರ್ಟರ್ ಅಷ್ಟು ಬಾಳುವುದಿಲ್ಲ. 10ರಿಂದ 15 ವರ್ಷದೊಳಗೆ ಒಂದು ಸಲ ಬದಲಿಸುವ ಖರ್ಚು ಈಗಲೇ ಲೆಕ್ಕಕ್ಕೆ ಸೇರಿಸಿ. ಸಾಲ ಮಾಡಿ ಹಾಕಿಸುತ್ತಿದ್ದರೆ ಬಡ್ಡಿಯೂ ಸೇರಬೇಕು. ಬಡ್ಡಿ ಬಿಟ್ಟು ಲೆಕ್ಕ ಹಾಕಿ ಖುಷಿಪಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಬ್ಯಾಟರಿಯೂ ಸೇರಿಸಿದರೆ ಇನ್ನೂ ಲಾಭ ಅಲ್ವಾ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬ್ಯಾಟರಿ ಒಂದು ಯೂನಿಟ್ಟನ್ನೂ ಹುಟ್ಟಿಸುವುದಿಲ್ಲ. ಹಗಲಿನದನ್ನು ರಾತ್ರಿಗೆ ಸಾಗಿಸುತ್ತದೆ ಅಷ್ಟೆ, ಸಾಗಿಸುವ ಕೂಲಿಯಾಗಿ ಸುಮಾರು ಶೇ. 10 ತಾನೇ ತಿನ್ನುತ್ತದೆ. 10 ಯೂನಿಟ್ ತುಂಬಿದರೆ 9 ವಾಪಸ್.

ಮೇಲಿನ ಮನೆಗೇ ಹಾಕಿ ನೋಡೋಣ. ಗ್ರಿಡ್‌ಗೆ ಬಿಡುತ್ತಿದ್ದ 10 ಯೂನಿಟ್ಟನ್ನು ಬ್ಯಾಟರಿಗೆ ತುಂಬಿದಿರಿ, ಅಂದರೆ ಸಿಗಬೇಕಿದ್ದ 30 ಬಿಟ್ಟಿರಿ. ರಾತ್ರಿ 9 ಯೂನಿಟ್ ಕೊಳ್ಳುವುದು ತಪ್ಪಿತು, 90 ಉಳಿಯಿತು. ದಿನದ ಲಾಭ 60. ವರ್ಷದಲ್ಲಿ 300 ದಿನ ಹೀಗೆ ಪೂರ್ತಿ ತುಂಬಿ ಖಾಲಿಯಾದರೆ 18,000. ಬ್ಯಾಟರಿಗೆ 2,00,000 ಕೊಟ್ಟಿದ್ದರೆ ವಾಪಸ್ ಬರಲು 11 ವರ್ಷ. ಮನೆ ಬ್ಯಾಟರಿಗಳ ವಾರಂಟಿ ಸಾಮಾನ್ಯವಾಗಿ 10 ವರ್ಷ. ಮಿಕ್ಕದ್ದು ನಿಮಗೇ ಗೊತ್ತಾಯಿತಲ್ಲ.

ಗ್ರಿಡ್‌ಗೆ ಬಿಟ್ಟರೆ ಏನೂ ಸಿಗದ ಊರಾದರೆ ದಿನದ ಲಾಭ 90, ವರ್ಷಕ್ಕೆ 27,000, ಏಳೂವರೆ ವರ್ಷದಲ್ಲಿ ವಾಪಸ್. ಆಗ ಬ್ಯಾಟರಿ ಗೆದ್ದಿತು. ಪೂರ್ತಿ ನೆಟ್ ಮೀಟರಿಂಗ್ ಇರುವ ಕಡೆ? 100 ಬಿಟ್ಟು 90 ಉಳಿಸಿದಂತೆ, ದಿನಕ್ಕೆ 10 ನಷ್ಟ. ಅಲ್ಲಿ ಗ್ರಿಡ್ಡೇ ನಿಮ್ಮ ಬ್ಯಾಟರಿ, ಅದೂ ಪುಕ್ಕಟೆಯಾಗಿ.

ಹಾಗಾದರೆ ಬ್ಯಾಟರಿ ಯಾರಿಗೆ ಬೇಕು?

ಕೊಳ್ಳುವ ದರಕ್ಕೂ ಮಾರುವ ದರಕ್ಕೂ ದೊಡ್ಡ ಅಂತರ ಇರುವವರಿಗೆ. ಹೊತ್ತಿಗೊಂದು ದರ ಇದ್ದು ಸಂಜೆ ಐದರಿಂದ ಒಂಬತ್ತರವರೆಗೆ ದರ ಎರಡು ಮೂರು ಪಟ್ಟು ಏರುವವರಿಗೆ. ಈ ಸಂಜೆ ಏರಿಕೆ ಸುಮ್ನೆ ಬಂದದ್ದಲ್ಲ. ಹಗಲಲ್ಲಿ ಎಲ್ಲರ ಸೋಲಾರ್ ಸೇರಿ ಗ್ರಿಡ್ ತುಂಬಿ ತುಳುಕುತ್ತದೆ, ಸೂರ್ಯ ಇಳಿಯುತ್ತಿದ್ದಂತೆ ಎಲ್ಲರ ಎಸಿ ಒಟ್ಟಿಗೆ ಗ್ರಿಡ್ ಕಡೆ ತಿರುಗುತ್ತದೆ. ಕ್ಯಾಲಿಫೋರ್ನಿಯಾದ ಗ್ರಿಡ್ ನಡೆಸುವವರು 2013ರಲ್ಲಿ ಇದನ್ನು ಗ್ರಾಫ್ ಮಾಡಿದಾಗ ಗೆರೆ ಬಾತುಕೋಳಿಯ ಹಾಗೆ ಕಂಡಿತು, ಡಕ್ ಕರ್ವ್ ಅನ್ನುವ ಹೆಸರು ಅಲ್ಲಿಂದಲೇ ಬಂದದ್ದು. ಅದೇ ರಾಜ್ಯ 2023ರ ಏಪ್ರಿಲ್‌ನಲ್ಲಿ ಹೊಸ ಗ್ರಾಹಕರಿಗೆ ನೆಟ್ ಮೀಟರಿಂಗ್ ನಿಲ್ಲಿಸಿ, ಬಿಟ್ಟ ಯೂನಿಟ್‌ಗೆ ಬಹಳ ಕಡಿಮೆ ಕೊಡುವ ಪದ್ಧತಿ ತಂದಿತು. ಆಮೇಲೆ ಅಲ್ಲಿ ಪ್ಯಾನೆಲ್ ಜತೆ ಬ್ಯಾಟರಿ ಹಾಕಿಸುವವರ ಪಾಲು ಜೋರಾಗಿ ಏರಿತು. ನಿಮ್ಮ ಕಡೆ ಇವತ್ತು ನೆಟ್ ಮೀಟರಿಂಗ್ ಇದ್ದರೂ, ಎಷ್ಟು ವರ್ಷದವರೆಗೆ ಅದು ಬದಲಾಗದು ಅಂತ ಬರಹದಲ್ಲಿದೆಯಾ ನೋಡಿಕೊಳ್ಳಿ.

ಇನ್ನೊಂದು ಕಾರಣ ಕರೆಂಟ್ ಹೋಗುವುದು. 45 ಡಿಗ್ರಿ ಸೆಕೆಯಲ್ಲಿ ಮನೆಯಲ್ಲಿ ವಯಸ್ಸಾದವರೋ ಮಗುವೋ ಇದ್ದು, ಫ್ಯಾನ್ ಎಸಿ ಎರಡೂ ನಿಂತರೆ ಅದನ್ನು ದುಡ್ಡಿನಲ್ಲಿ ಅಳೆಯಲಾಗದು. ಅದಕ್ಕಾಗಿ ಬ್ಯಾಟರಿ ತಗೊಳ್ಳುವುದು ತಪ್ಪಲ್ಲ. ಆದರೆ ಅದನ್ನು ಲಾಭ ಅನ್ನಬೇಡಿ, ಭದ್ರತೆಗೆ ಕೊಟ್ಟ ಬೆಲೆ ಅನ್ನಿ.

ಪ್ಯಾನೆಲ್ ಇದೆಯಲ್ಲ, ಕರೆಂಟ್ ಹೋದರೂ ಹಗಲಲ್ಲಿ ಮನೆ ನಡೆಯುತ್ತದೆ ತಾನೇ?

ನಡೆಯುವುದಿಲ್ಲ. ಇದು ಗೊತ್ತಾದಾಗ ಜನ ಬೇಜಾರಾಗುತ್ತಾರೆ. ಗ್ರಿಡ್‌ಗೆ ಜೋಡಿಸಿದ ಮಾಮೂಲಿ ಇನ್ವರ್ಟರ್ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ಲೈನ್ ಮೇಲೆ ರಿಪೇರಿ ಮಾಡುವವರಿಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯಬಾರದು ಅಂತಲೇ ಈ ನಿಯಮ. ಬ್ಯಾಕಪ್ ಬೇಕಾದರೆ ಗ್ರಿಡ್‌ನಿಂದ ಮನೆಯನ್ನು ಬೇರ್ಪಡಿಸುವ ಸ್ವಿಚ್, ತಾನೇ ನಡೆಸಬಲ್ಲ ಹೈಬ್ರಿಡ್ ಇನ್ವರ್ಟರ್, ಸಾಮಾನ್ಯವಾಗಿ ಒಂದು ಬ್ಯಾಟರಿ, ಇಷ್ಟೂ ಬೇಕು. ಬ್ಯಾಟರಿ ಹಾಕಿಸಿದವರೂ "ಬ್ಯಾಕಪ್ ಸೇರಿದೆಯಾ" ಅಂತ ಕೇಳಬೇಕು. ಎಲ್ಲದರಲ್ಲೂ ಇರುವುದಿಲ್ಲ.

ರಾತ್ರಿಯಿಡೀ ಎಸಿ ಬ್ಯಾಟರಿಯ ಮೇಲೆ ಓಡಿಸಬಹುದಾ?

ಒಂದು ಕೋಣೆಯ ಇನ್ವರ್ಟರ್ ಎಸಿ ಸೆಕೆಯ ರಾತ್ರಿಯಲ್ಲಿ ಗಂಟೆಗೆ ಮುಕ್ಕಾಲರಿಂದ ಒಂದು ಯೂನಿಟ್ ಎಳೆಯುತ್ತದೆ ಅನ್ನಿ. ಹತ್ತು ಗಂಟೆಗೆ 10 ಯೂನಿಟ್ ಬ್ಯಾಟರಿ ಖಾಲಿ. ಎರಡು ಕೋಣೆ ಅಂದರೆ ಎರಡು ಬ್ಯಾಟರಿ. ಇಡೀ ಮನೆಯ ಸೆಂಟ್ರಲ್ ಎಸಿ ಅಂದರೆ ಮೂಗಿಗಿಂತ ಮೂಗುತಿ ಭಾರ. ಹಳೇ ಎಸಿ ಕಂಪ್ರೆಸರ್ ಶುರುವಾಗುವ ಕ್ಷಣಕ್ಕೆ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಸಣ್ಣ ಇನ್ವರ್ಟರ್ ಅಲ್ಲೇ ಕೈಚೆಲ್ಲುತ್ತದೆ. ಕಂಪ್ರೆಸರನ್ನು ಮೆಲ್ಲಗೆ ಶುರು ಮಾಡಿಸುವ ಸಾಫ್ಟ್ ಸ್ಟಾರ್ಟರ್ ಹಾಕಿಸಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ನನ್ನ ಸಲಹೆ ಕೇಳಿದರೆ, ಮನೆಯನ್ನೇ ಬ್ಯಾಟರಿ ಮಾಡಿಕೊಳ್ಳಿ. ಮಧ್ಯಾಹ್ನ ಪ್ಯಾನೆಲ್ ತುಂಬಿ ಹರಿಯುವಾಗ ಎಸಿಯನ್ನು ಎರಡು ಡಿಗ್ರಿ ಕೆಳಗೆ ಇಟ್ಟು ಗೋಡೆ, ನೆಲ ತಂಪು ಮಾಡಿ, ಸಂಜೆ ಹೊತ್ತಿಗೆ ಏರಿಸಿ. ನೀರು ಕಾಯಿಸುವುದು, ಬಟ್ಟೆ ಒಗೆಯುವುದು, ಪಂಪ್ ಓಡಿಸುವುದು, ಕಾರ್ ಚಾರ್ಜ್, ಎಲ್ಲ ಹಗಲಿಗೆ ತಳ್ಳಿ. ಒಂದು ಟೈಮರ್ ಸಾಕು. ಛಾವಣಿಗೆ ಬಿಳಿ ಬಣ್ಣ, ಕಿಟಕಿಗೆ ಹೊರಗಿನಿಂದ ನೆರಳು, ಬಾಗಿಲ ಸಂದು ಮುಚ್ಚುವುದು, ಇವು ಬ್ಯಾಟರಿಗಿಂತ ಎಷ್ಟೋ ಅಗ್ಗ, ಇವನ್ನು ಮೊದಲು ಮಾಡಿದರೆ ಆಮೇಲೆ ಬೇಕಾಗುವ ಬ್ಯಾಟರಿಯೂ ಸಣ್ಣದಾಗುತ್ತದೆ.

ಸೆಕೆಗೆ ಬ್ಯಾಟರಿ ತಡೆಯುತ್ತದಾ?

ಪ್ಯಾನೆಲ್‌ಗಿಂತ ಬ್ಯಾಟರಿಯೇ ಸೆಕೆಗೆ ಜಾಸ್ತಿ ಸೊರಗುವುದು. ಲೆಡ್ ಆಸಿಡ್ ಬ್ಯಾಟರಿಗೆ ಹಳೇ ಲೆಕ್ಕ ಒಂದಿದೆ: 25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿಗೂ ಆಯಸ್ಸು ಅರ್ಧ. ಮರುಭೂಮಿಗೆ ಅದು ಆಗಿಬರುವುದಿಲ್ಲ. ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ, ಈಗಿನ ಮನೆ ಬ್ಯಾಟರಿಗಳಲ್ಲಿ ಹೆಚ್ಚಾಗಿ ಇರುವುದು. ಇದು ಸಾವಿರಾರು ಸಲ ತುಂಬಿ ಖಾಲಿಯಾಗುತ್ತದೆ, ಬೇರೆ ಲಿಥಿಯಂ ಬಗೆಗಳಿಗಿಂತ ಬೆಂಕಿಯ ಭಯವೂ ಕಡಿಮೆ. ಆದರೆ ಇದಕ್ಕೂ ಮಿತಿ ಇದೆ. 45 ಡಿಗ್ರಿ ದಾಟಿದರೆ ಹಲವು ಬ್ಯಾಟರಿಗಳು ಚಾರ್ಜ್ ಆಗುವ ವೇಗ ಇಳಿಸುತ್ತವೆ, ಇಲ್ಲವೇ ನಿಂತೇಬಿಡುತ್ತವೆ. ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುವ ಮರುಭೂಮಿಗಳೂ ಇವೆ, ಆ ಚಳಿಯಲ್ಲಿ ಲಿಥಿಯಂ ಚಾರ್ಜ್ ಮಾಡಿದರೆ ಸೆಲ್ ಹಾಳು.

ಹಾಗಾಗಿ ಎಲ್ಲಿ ಇಡುತ್ತೀರಿ ಅನ್ನುವುದು ಯಾವುದನ್ನು ಕೊಳ್ಳುತ್ತೀರಿ ಅನ್ನುವಷ್ಟೇ ಮುಖ್ಯ. ತಗಡಿನ ಗ್ಯಾರೇಜ್ ಮಧ್ಯಾಹ್ನ ಕುಲುಮೆ ಆಗಿರುತ್ತದೆ, ಅಲ್ಲಿ ಬೇಡ. ಪಶ್ಚಿಮದ ಗೋಡೆ ಅಂತೂ ಬೇಡವೇ ಬೇಡ. ಬಿಸಿಲು ಬೀಳದ ಗೋಡೆ, ಗಾಳಿಯಾಡುವ ಜಾಗ, ಸ್ಥಳೀಯ ಅಗ್ನಿಸುರಕ್ಷತೆ ನಿಯಮ ಒಪ್ಪಿದರೆ ಮನೆಯೊಳಗಿನ ಸಾಮಾನು ಕೋಣೆ. ಇನ್ವರ್ಟರ್‌ಗೂ ಇದೇ ಮಾತು, ಬಿಸಿಯಾದರೆ ಅದೂ ತನ್ನ ಶಕ್ತಿ ತಾನೇ ತಗ್ಗಿಸಿಕೊಳ್ಳುತ್ತದೆ. ವಾರಂಟಿ ಕಾಗದದಲ್ಲಿ ಎಷ್ಟು ಡಿಗ್ರಿವರೆಗೆ ಅನ್ನುವ ಸಾಲು ಓದಿ. ಆ ಮಿತಿ ದಾಟಿದರೆ ವಾರಂಟಿ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಧೂಳಿನ ಗತಿ ಏನು?

ಮರುಭೂಮಿಯಲ್ಲಿ ಸೋಲಾರ್‌ನ ದೊಡ್ಡ ಶತ್ರು ಇದೇ. ಧೂಳು ಜಾಸ್ತಿ ಇರುವ ಕಡೆ ದಿನಕ್ಕೆ ಅರ್ಧ ಶೇಕಡಾದಷ್ಟು ಉತ್ಪಾದನೆ ಇಳಿಯುವುದು ಮಾಮೂಲು. ಒಂದು ತಿಂಗಳು ತೊಳೆಯದಿದ್ದರೆ ಲೆಕ್ಕ ನೀವೇ ಹಾಕಿ. 2022ರ ಡಿಸೆಂಬರ್‌ನಲ್ಲಿ ಮಂಗಳ ಗ್ರಹದ ಮೇಲೆ ನಾಸಾದ ಇನ್‌ಸೈಟ್ ನೌಕೆ ಕೆಲಸ ನಿಲ್ಲಿಸಿದ್ದೂ ಪ್ಯಾನೆಲ್ ಮೇಲೆ ಕೂತ ಧೂಳಿನಿಂದಲೇ. ನಿಮಗಾದರೆ ಏಣಿ, ಬಕೆಟ್ಟು ಇದೆ.

ಒಣ ಧೂಳಿಗಿಂತ ಕಷ್ಟ ಕೊಡುವುದು ಇಬ್ಬನಿ ಬಿದ್ದು ಗಟ್ಟಿಯಾದ ಧೂಳು. ರಾತ್ರಿ ತೇವ, ಹಗಲು ಬಿಸಿ, ಮತ್ತೆ ತೇವ, ಹೀಗೆ ನಾಲ್ಕು ದಿನ ಆದರೆ ಅದು ಗಾರೆ ಹಾಕಿದ ಹಾಗೆ ಕಚ್ಚಿಕೊಳ್ಳುತ್ತದೆ. ನಾಲ್ಕು ಹನಿ ಮಳೆ ಬಂದರೂ ಅಷ್ಟೆ, ತೊಳೆಯುವ ಬದಲು ಕೆಸರು ಮಾಡಿ ಹೋಗುತ್ತದೆ. ಬೆಳಗಿನ ಜಾವ, ಗಾಜು ತಣ್ಣಗಿರುವಾಗ ತೊಳೆಯಿರಿ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಡಬಹುದು. ಮೆತ್ತನೆ ಬ್ರಷ್ ಸಾಕು, ಸೋಪು ಬೇಡ, ಉಜ್ಜುವ ಮುಂಚೆ ಮರಳನ್ನು ಜಾಡಿಸಿ. ಇಲ್ಲದಿದ್ದರೆ ಮರಳೇ ಉಪ್ಪುಕಾಗದದಂತೆ ಗಾಜಿನ ಮೇಲಿನ ಪದರ ಕೆರೆಯುತ್ತದೆ. ಗಡಸು ನೀರಾದರೆ ಬಿಳಿ ಕಲೆ ಉಳಿಯುತ್ತದೆ, ಕೊನೆಯಲ್ಲಿ ರಬ್ಬರ್ ವೈಪರ್‌ನಿಂದ ಎಳೆದುಬಿಡಿ.

ಎಷ್ಟು ದಿನಕ್ಕೊಮ್ಮೆ? ಉತ್ಪಾದನೆ ತೋರಿಸುವ ಇನ್ವರ್ಟರ್‌ನ ಆ್ಯಪ್ ನೋಡಿ. ಪೂರ್ತಿ ಬಿಸಿಲಿದ್ದ ಎರಡು ದಿನ, ತೊಳೆಯುವ ಮುಂಚಿನದು ಮತ್ತು ತೊಳೆದ ಮೇಲಿನದು, ಹೋಲಿಸಿ. ವ್ಯತ್ಯಾಸ ಶೇ. 5 ದಾಟಿದ್ದರೆ ನೀವು ತಡ ಮಾಡಿದಿರಿ ಅಂತ ಅರ್ಥ. ಆಳು ಕರೆಸಿ ತೊಳೆಸುವುದಾದರೆ ಆ ಕೂಲಿಯೂ ವರ್ಷದ ಖರ್ಚು. ಕೊಟೇಶನ್‌ಗಳಲ್ಲಿ ಈ ಸಾಲು ಇರುವುದೇ ಅಪರೂಪ.

ಪ್ಯಾನೆಲ್ ಯಾವ ದಿಕ್ಕಿಗೆ?

ಉತ್ತರಾರ್ಧಗೋಳದಲ್ಲಿ ದಕ್ಷಿಣಕ್ಕೆ, ದಕ್ಷಿಣಾರ್ಧಗೋಳದಲ್ಲಿ ಉತ್ತರಕ್ಕೆ ಹಾಕಿದರೆ ವರ್ಷದ ಒಟ್ಟು ಯೂನಿಟ್ ಜಾಸ್ತಿ. ಆದರೆ ಸಂಜೆ ದರ ದುಬಾರಿ ಇದ್ದರೆ ಕೆಲವನ್ನು ಪಶ್ಚಿಮಕ್ಕೆ ತಿರುಗಿಸಿ. ಒಟ್ಟು ಸ್ವಲ್ಪ ಕಡಿಮೆಯಾದರೂ ಬೇಕಾದ ಹೊತ್ತಿಗೆ ಬರುತ್ತದೆ, ಬ್ಯಾಟರಿಯ ಕೆಲಸದಲ್ಲಿ ಒಂದಿಷ್ಟು ಇದೇ ಮಾಡಿಕೊಡುತ್ತದೆ. ಪೂರ್ತಿ ಮಟ್ಟಸವಾಗಿ ಮಲಗಿಸಬೇಡಿ, ಧೂಳು ಕೂರುವುದಕ್ಕೆ ಹಾಸಿಗೆ ಹಾಸಿದ ಹಾಗೆ.

ಗ್ರಿಡ್ ಕನೆಕ್ಷನ್ನೇ ಕಿತ್ತುಹಾಕಿದರೆ?

ಲೈನ್ ಎಳೆಸುವುದಕ್ಕೇ ದೊಡ್ಡ ಮೊತ್ತ ಕೇಳುವಷ್ಟು ದೂರದಲ್ಲಿ ಮನೆ ಇದ್ದರೆ ಸರಿ, ಅಲ್ಲಿ ಬ್ಯಾಟರಿ ಮೊದಲ ದಿನವೇ ಗೆದ್ದಿರುತ್ತದೆ. ಮನೆ ಮುಂದೆಯೇ ಕಂಬ ಇದ್ದರೆ ಬೇಡ. ಗ್ರಿಡ್ ಬಿಟ್ಟವರು ಸರಾಸರಿ ದಿನಕ್ಕಲ್ಲ, ಕೆಟ್ಟ ವಾರಕ್ಕೆ ತಯಾರಾಗಬೇಕು. ಮೂರು ದಿನ ಧೂಳುಗಾಳಿ ಎದ್ದು ಆಕಾಶ ಕಂದಾದರೆ? ಆ ಮೂರು ದಿನಕ್ಕಾಗಿ ಕೊಂಡ ಬ್ಯಾಟರಿ ಮಿಕ್ಕ ವರ್ಷವೆಲ್ಲ ಬಹುಪಾಲು ಬಳಕೆಯಾಗದೆ ಸುಮ್ಮನೆ ಕೂತಿರುತ್ತದೆ.

ಬೆಲೆ ಇನ್ನೂ ಇಳಿಯುತ್ತದೆ, ಕಾಯೋಣವಾ?

ಪ್ಯಾನೆಲ್‌ಗೆ ಕಾಯಬೇಡಿ. ಒಟ್ಟು ಖರ್ಚಿನಲ್ಲಿ ಈಗ ಪ್ಯಾನೆಲ್‌ನ ಪಾಲೇ ಸಣ್ಣದು, ಕೂಲಿ, ಚೌಕಟ್ಟು, ಪರವಾನಗಿ ಇವು ಅಷ್ಟಾಗಿ ಇಳಿಯುವುದಿಲ್ಲ. ಕಾದ ಪ್ರತಿ ವರ್ಷವೂ ಒಂದು ವರ್ಷದ ಉಳಿತಾಯ ಹೋಗುತ್ತದೆ. ಬ್ಯಾಟರಿ ಲೆಕ್ಕ ಗಡಿಯಲ್ಲಿದ್ದರೆ ಕಾಯಬಹುದು. ಈಗ ಹೈಬ್ರಿಡ್ ಇನ್ವರ್ಟರ್ ಹಾಕಿಸಿ, ಗೋಡೆಯಲ್ಲಿ ಜಾಗ ಬಿಟ್ಟಿರಿ, ಆಮೇಲೆ ಸೇರಿಸಿಕೊಳ್ಳಿ.

ಕೊಟೇಶನ್ ಬಂದಿದೆ. ಎಲ್ಲಿ ಕಣ್ಣಿಡಬೇಕು?

ಕರೆಂಟ್ ದರ ವರ್ಷಕ್ಕೆ ಶೇಕಡಾ ಎಷ್ಟು ಏರುತ್ತದೆ ಅಂತ ಹಿಡಿದಿದ್ದಾರೆ ಅನ್ನುವಲ್ಲಿ. ನನಗೆ ಬಂದ ಒಂದು ಕೊಟೇಶನ್‌ನಲ್ಲಿ ವರ್ಷಕ್ಕೆ ಶೇ. 8 ಅಂತ ಹಿಡಿದು ಇಪ್ಪತ್ತೈದು ವರ್ಷ ಎಳೆದಿದ್ದರು. ಕೊನೆಯ ವರ್ಷದ ಯೂನಿಟ್ ದರ ಇವತ್ತಿನ ಆರು ಪಟ್ಟಿಗಿಂತ ಜಾಸ್ತಿ ಆಗಿತ್ತು. ಅದನ್ನು ಸೊನ್ನೆ ಮಾಡಿ ಇನ್ನೊಮ್ಮೆ ಲೆಕ್ಕ ಕೊಡಿ ಅಂದೆ, ಮತ್ತೆ ಫೋನೇ ಬರಲಿಲ್ಲ. ಬೆಲೆ ಎಷ್ಟು ಅನ್ನುವುದನ್ನು ವ್ಯಾಟ್‌ಗೆ ಇಷ್ಟು ಅಂತ ಭಾಗಿಸಿ ಮೂರು ಕಡೆಯದನ್ನು ಹೋಲಿಸಿ. ಚೌಕಟ್ಟು ನಿಮ್ಮ ಕಡೆಯ ಗಾಳಿಯ ವೇಗಕ್ಕೆ ತಡೆಯುತ್ತದೆ ಅಂತ ಬರಹದಲ್ಲಿ ಇರಲಿ. ವೈರು ಕಟ್ಟುವ ಪ್ಲಾಸ್ಟಿಕ್ ಟೈಗಳು ಮರುಭೂಮಿಯ ಬಿಸಿಲಿಗೆ ಬೇಗ ಪುಡಿಯಾಗುತ್ತವೆ, ಸ್ಟೀಲ್ ಕ್ಲಿಪ್ ಹಾಕಲು ಹೇಳಿ. ಸಣ್ಣ ವಿಷಯ, ಆದರೆ ಜೋತುಬಿದ್ದ ವೈರು ಛಾವಣಿಗೆ ಉಜ್ಜಿ ಉಜ್ಜಿ ಸುಲಿಯುತ್ತದೆ.

ಹಾಕಿಸಿ ವರ್ಷ ಆಯಿತು, ಬಿಲ್ ಅಂದುಕೊಂಡಷ್ಟು ಇಳಿದಿಲ್ಲ. ಯಾಕೆ?

ಮೊದಲು ಆ್ಯಪ್‌ನಲ್ಲಿ ಉತ್ಪಾದನೆ ನೋಡಿ. ಅದು ಪಿವಿಜಿಐಎಸ್ ಹೇಳಿದ್ದಕ್ಕೆ ಹತ್ತಿರವಿದ್ದರೆ ಪ್ಯಾನೆಲ್ ತಪ್ಪಲ್ಲ. ಬಹಳ ಸಲ ತಪ್ಪು ನಮ್ಮದೇ. "ಹೇಗೂ ಸೋಲಾರ್ ಇದೆ" ಅಂತ ಎಸಿ ರಾತ್ರಿಯೂ ಎರಡು ಡಿಗ್ರಿ ಕೆಳಗೆ ಇಳಿದಿರುತ್ತದೆ, ಆ ಹೊತ್ತಿಗೆ ಪ್ಯಾನೆಲ್ ಮಲಗಿರುತ್ತದೆ. ಇನ್ನು ಬಿಲ್‌ನಲ್ಲಿ ಕನೆಕ್ಷನ್‌ಗೆಂದೇ ಕೊಡುವ ನಿಗದಿ ಶುಲ್ಕ ಇರುತ್ತದೆ, ಎಷ್ಟು ಯೂನಿಟ್ ಉಳಿಸಿದರೂ ಅದು ಕಡಿಮೆಯಾಗದು. ಇವೆರಡೂ ಅಲ್ಲದಿದ್ದರೆ ಮೀಟರ್ ನೋಡಿ. ಕೊಂಡದ್ದು ಒಂದು, ಬಿಟ್ಟದ್ದು ಒಂದು, ಎರಡು ರೀಡಿಂಗ್ ತೋರಿಸಬೇಕು. ಒಂದೇ ತೋರಿಸುತ್ತಿದ್ದರೆ ಹಳೇ ಮೀಟರ್ ಬದಲಿಸಿಯೇ ಇಲ್ಲ, ನೀವು ಬಿಟ್ಟ ಯೂನಿಟ್‌ಗೆ ಲೆಕ್ಕವೇ ಸಿಗುತ್ತಿಲ್ಲ. ಮೀಟರ್‌ನ ಫೋಟೊ ತೆಗೆದುಕೊಂಡು ಇವತ್ತೇ ದೂರು ಕೊಡಿ.